ಪಾಂಪೇಗೆ 14 ಪದ ಸಾಕಾಯ್ತು

"ಬಸ್ಸಲ್ಲಿ ಪಾಠ ಮಾಡ್ತೀರಾ? ಜನ ಗೊರಕೆ ಹೊಡೀತಾರೆ ಅಷ್ಟೆ" ಅಂತ ನಮ್ಮ ಟೂರ್ ಮ್ಯಾನೇಜರ್ ಬಳಗದವರೇ ನಕ್ಕಿದ್ದರು. ಬೆಂಕಿ ಬೆಟ್ಟದ ಬೂದಿಯಲ್ಲಿ ಹೂತುಹೋಗಿದ್ದ ಇಟಲಿಯ ಹಳೇ ರೋಮನ್ ಊರು ಪಾಂಪೇ ತಲುಪುವ ಮುಂಚೆ, ಅಲ್ಲಿ ಕಿವಿಗೆ ಬೀಳುವ ಪದಗಳನ್ನು ಬಸ್ಸಲ್ಲೇ ಕನ್ನಡದಲ್ಲಿ ಹೇಳಿಕೊಡೋಣ ಅಂತ ಹೊರಟಿದ್ದೆ. ಎರಡು ಸೀಸನ್ ಅವರು ಹೇಳಿದ್ದೇ ನಿಜವಾಯಿತು. ಹೋದ ವರ್ಷ ಮಾತ್ರ ಅದು ಸುಳ್ಳಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ತೊಂದರೆ ನಿಮಗೂ ಗೊತ್ತಿರುವುದೇ. ಪಾಂಪೇ ಒಳಗೆ ಲೈಸೆನ್ಸ್ ಇರುವ ಅಲ್ಲಿನ ಗೈಡೇ ಮಾತಾಡಬೇಕು. ಆಕೆ ಇಂಗ್ಲಿಷಿನಲ್ಲಿ ಏಟ್ರಿಯಂ, ಇಂಪ್ಲುವಿಯಂ, ಥರ್ಮೊಪೋಲಿಯಂ ಅನ್ನುತ್ತಾ ಹೋದ ಹಾಗೆ ನಮ್ಮ ಹಿರಿಯರು ಇಯರ್‌ಫೋನ್ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ತಲೆಗೆ ಎರಡು ಮೂರು ಯೂರೋ ಬಾಡಿಗೆ ಕೊಟ್ಟ ಇಯರ್‌ಫೋನ್!

ಮೊದಲ ವರ್ಷ 60 ಪದಗಳ ಪಟ್ಟಿ ಮಾಡಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿದೆ. ಸುಮಾರು ನಾಲ್ಕು ಸಾವಿರ ಹೋಯಿತು. 'ಜಲಸಂಗ್ರಹ ಕುಂಡ', 'ಉಷ್ಣಾಹಾರ ವಿಕ್ರಯ ಕೇಂದ್ರ' ಎಲ್ಲ ನನ್ನದೇ ಸೃಷ್ಟಿ. ನೇಪಲ್ಸ್ ಬರುವಷ್ಟರಲ್ಲಿ ಜನ ಅದರ ಮೇಲೆ ಕೋಡುಬಳೆ ಇಟ್ಟು ಹಂಚುತ್ತಿದ್ದರು. ಮರುವರ್ಷ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿದೆ. ಏಳೆಂಟು ಸಾವಿರ ಖರ್ಚು. ಬಸ್ಸಿನ ಸ್ಪೀಕರ್ ಗೊರಗೊರ ಅಂದಿತು, ಮುಗೀತು ಕಥೆ.

ಆಮೇಲೆ ಹೊಸ ಪದ ಕಟ್ಟುವುದನ್ನೇ ಬಿಟ್ಟೆ. ಮನೇಲಿ, ಬೀದೀಲಿ ಇರುವ ಪದ ಹುಡುಕಿದೆ. ಏಟ್ರಿಯಂ ಅಂದರೆ ಮನೆ ನಡುವೆ ಚಾವಣಿ ತೆರೆದ ಜಾಗ, ಮಳೆನೀರು ಕೆಳಗಿನ ಕೊಳಕ್ಕೆ, ಅಂದರೆ ಇಂಪ್ಲುವಿಯಂಗೆ, ಬೀಳುತ್ತದೆ. ಇದು ತೊಟ್ಟಿಮನೆ ಅಲ್ದೆ ಇನ್ನೇನು? ಕಲ್ಲಿನ ಕೌಂಟರಿನಲ್ಲಿ ಗುಡಾಣ ಹೂತಿಟ್ಟು ಊಟ ಮಾರುವ ಥರ್ಮೊಪೋಲಿಯಂ ನಮ್ಮ ದರ್ಶಿನಿ. ಹೊಸ್ತಿಲ ಬಳಿ ಮೊಸಾಯಿಕ್‌ನಲ್ಲಿ 'ಕಾವೆ ಕಾನೆಂ' ಅಂತ ನಾಯಿ ಚಿತ್ರ ಇದೆಯಲ್ಲ, ಅದಕ್ಕೆ 'ನಾಯಿ ಇದೆ ಎಚ್ಚರಿಕೆ' ಅಂದರೆ ಇಡೀ ಬಸ್ಸು ನಗುತ್ತದೆ. ಊರ ಜನ ಸೇರುತ್ತಿದ್ದ ಬಯಲು, ಫೋರಂ, ಮಾತ್ರ ಕೈ ಕೊಟ್ಟಿತು. ಎಲ್ಲರಿಗೂ ಅದೇ ಹೆಸರಿದ್ದ ಕೋರಮಂಗಲದ ಮಾಲ್ ನೆನಪಾಯಿತು! 'ಸಂತೆಮಾಳ' ಅಂದೆ. ಗುಂಪಿನಲ್ಲಿದ್ದ ನಿವೃತ್ತ ಮೇಷ್ಟ್ರು, "ಗುಡಿ, ನ್ಯಾಯಸ್ಥಾನ ಎಲ್ಲ ಅಲ್ಲೇ ಇತ್ತಲ್ಲಪ್ಪಾ" ಅಂದರು. ಈಗ 'ಪೇಟೆ ಚೌಕ' ಅನ್ನುತ್ತೇನೆ.

ಜಾಸ್ತಿ ಹೊತ್ತು ಹಿಡಿದದ್ದು ಬೆಂಕಿ ಬೆಟ್ಟದ ಪದಗಳು. ಲಾವಾ ಹರಿದು ಊರು ಮುಳುಗಿತು ಅಂತಲೇ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಕ್ರಿ.ಶ. 79ರಲ್ಲಿ ವೆಸೂವಿಯಸ್ ಪಾಂಪೇ ಮೇಲೆ ಮೊದಲು ಸುರಿಸಿದ್ದು ಹಗುರ ಕಲ್ಲು, ಪ್ಯೂಮಿಸ್. ಅದರ ಭಾರಕ್ಕೆ ಚಾವಣಿಗಳು ಕುಸಿದವು. ಮರುದಿನ ಬಂದದ್ದು ಸುಡು ಬೂದಿ ಮತ್ತು ಅನಿಲದ ಅಲೆ. 'ಹಿಮ್ಮಡಿ ತಿಕ್ಕೋ ಕಲ್ಲು' ಅಂತ ಒಂದು ತುಂಡು ಕೈಯಿಂದ ಕೈಗೆ ದಾಟಿಸುತ್ತೇನೆ. ಲೋಟದ ನೀರಿನಲ್ಲಿ ತೇಲಿಸಿದರೆ ನಿದ್ದೆ ಹೋದವರೂ ಏಳುತ್ತಾರೆ. ತಾರೀಖು ಈಗ ಹೇಳುವುದಿಲ್ಲ. ಮೊದಲು ಆಗಸ್ಟ್ 24 ಅನ್ನುತ್ತಿದ್ದೆ. 2018ರಲ್ಲಿ ಗೋಡೆ ಮೇಲೆ ಇದ್ದಿಲಿನಿಂದ ಗೀಚಿದ, ಅಕ್ಟೋಬರ್ ತಾರೀಖಿರುವ ಬರಹ ಸಿಕ್ಕ ಮೇಲೆ ಅಕ್ಟೋಬರ್ ಇರಬೇಕು ಅನ್ನುವವರೂ ಬಹಳ ಜನ ಇದ್ದಾರೆ.

ಸತ್ತವರ ಆಕಾರಗಳನ್ನು ಜನ ಮಮ್ಮಿ ಅನ್ನುತ್ತಾರೆ, ಇಲ್ಲವೇ ಬೊಂಬೆ ಅನ್ನುತ್ತಾರೆ. ನಾನು ಎರಕ ಅನ್ನುತ್ತೇನೆ. ಪಂಚಲೋಹದ ಮೂರ್ತಿಗೆ ಮೇಣ ಕರಗಿ ಪೊಳ್ಳು ಉಳಿಯುತ್ತದಲ್ಲ, ಇಲ್ಲಿ ಗಟ್ಟಿಯಾದ ಬೂದಿಯೊಳಗೆ ದೇಹವೇ ಕರಗಿ ಪೊಳ್ಳಾಯಿತು. 1863ರಲ್ಲಿ ಪುರಾತತ್ವಜ್ಞ ಫಿಯೊರೆಲ್ಲಿ ಆ ಪೊಳ್ಳಿಗೆ ಪ್ಲಾಸ್ಟರ್ ಸುರಿಸಿದ. ಇಷ್ಟು ಹೇಳಿದರೆ ಬಸ್ಸು ತಣ್ಣಗಾಗುತ್ತದೆ. ಆಮೇಲೆ ಯಾವ ಪದ ಹೇಳುತ್ತೇನೆ ಅನ್ನುವುದು ನನ್ನ ಬಂಡವಾಳ, ಬಿಟ್ಟುಕೊಡಲ್ಲ.

ರೋಮನ್ನರ ಗಾರಂ ಅಂದರೆ ಮೀನು ಮತ್ತು ಉಪ್ಪನ್ನು ಬಿಸಿಲಲ್ಲಿ ಕೊಳೆಸಿ ತೆಗೆದ ರಸ. ಇದಕ್ಕೂ ಪದ ಹುಡುಕುವ ಹುಚ್ಚಿನಲ್ಲಿ ಒಂದು ಕೇಜಿ ಭೂತಾಯಿ ತಂದು ಬಾಲ್ಕನಿಯಲ್ಲೇ ಮಾಡಿ ನೋಡಿದೆ. ನಾಲ್ಕನೇ ದಿನ ಮೇಲಿನ ಮನೆಯವರು ಬಂದು ಬಾಗಿಲು ಬಡಿದರು. ಆ ಪದ ಪಟ್ಟಿಯಲ್ಲಿಲ್ಲ.

ಒಟ್ಟು 14 ಪದ, ಮುಕ್ಕಾಲು ಗಂಟೆ. ಖರ್ಚು ಒಂದು ಕಲ್ಲಿನದ್ದು. ಹೋದ ಬೇಸಿಗೆಯ ಗುಂಪಿನಲ್ಲಿ ಮೂವತ್ತೆರಡು ಜನ ಇದ್ದರು, ಟಿಪ್ಸ್ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಒಬ್ಬರು ಅಜ್ಜಿ ತೊಟ್ಟಿ ಪಕ್ಕ ಬಗ್ಗಿ, "ತೊಟ್ಟಿ ನೀರು ಎಲ್ಲಿಗೆ ಹೋಗುತ್ತೆ ಕೇಳಪ್ಪಾ" ಅಂದರು. ಗೈಡ್ ನೆಲದಡಿಯ ತೊಟ್ಟಿಯ ಬಾಯಿ ತೋರಿಸಿ, ಅಜ್ಜಿ ಅಂದದ್ದು ಯಾವ ಪದ ಅಂತ ನನ್ನನ್ನೇ ಕೇಳಿದರು. ಮುಂದಿನ ಗುಂಪು ಕರಕೊಂಡು ಹೋದಾಗ ಆಕೆಯೇ 'ತೊತ್ತಿ' ಅಂತ ಶುರು ಮಾಡಿದ್ದರು.