ಸೊರಬ ಕ್ಷೇತ್ರದ ಚುನಾವಣಾ ಚರಿತ್ರೆಯನ್ನು ನಾನು ಜೋಡಿಸಿದ ಬಗೆ

ಶಿವಮೊಗ್ಗ ಜಿಲ್ಲೆಯ ಸೊರಬ ಎಂದರೆ ಬಂಗಾರಪ್ಪ, ಅವರ ನಂತರ ಇಬ್ಬರು ಮಕ್ಕಳಾದ ಕುಮಾರ್ ಮತ್ತು ಮಧು ಅವರ ಜಗಳ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುವವರೇ ಹೆಚ್ಚು. ಅಷ್ಟರಲ್ಲಿ ಮುಗಿಯುವ ಕಥೆಯಲ್ಲ ಅದು ಎಂಬ ಹಟದಿಂದ ಈ ಕ್ಷೇತ್ರದ ಫಲಿತಾಂಶಗಳನ್ನು ಮೊದಲಿನಿಂದ ಜೋಡಿಸತೊಡಗಿದೆ. ತಮ್ಮ ಊರಿನ ಕ್ಷೇತ್ರಕ್ಕೂ ಇಂಥ ಕೆಲಸ ಮಾಡಬೇಕೆನ್ನುವವರಿಗೆ ನನ್ನ ಕ್ರಮವನ್ನು ತಿಳಿಸುತ್ತೇನೆ.

ಗೆದ್ದವರ ಪಟ್ಟಿಗಿಂತ ಮೊದಲು ನಾನು ಗಡಿಗಳ ಪಟ್ಟಿ ಮಾಡಿದೆ. ನಮ್ಮ ವಿಧಾನಸಭೆಗೆ 1957 ಮತ್ತು 1962ರಲ್ಲಿ 208 ಸ್ಥಾನಗಳಿದ್ದವು. 1967 ಮತ್ತು 1972ರಲ್ಲಿ 216 ಆದವು, 1978ರಿಂದ 224. ಸ್ಥಾನ ಹೆಚ್ಚಿದಾಗ ಕ್ಷೇತ್ರಗಳನ್ನು ಮತ್ತೆ ವಿಂಗಡಿಸಿದ್ದಾರೆ ಎಂಬುದು ಎಲ್ಲರಿಗೂ ಹೊಳೆಯುತ್ತದೆ. ಆದರೆ 2008ರಲ್ಲಿ ಸಂಖ್ಯೆ 224ರಲ್ಲೇ ನಿಂತಿದ್ದರೂ ಒಳಗಿನ ಗೆರೆಗಳೆಲ್ಲ ಸರಿದವು. ಹೊಸನಗರ ಕ್ಷೇತ್ರವೇ ಇಲ್ಲವಾಗಿ ಆ ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಯಿತು. ಸಾಗರ ತಾಲ್ಲೂಕಿನ ತಾಳಗುಪ್ಪ ಹೋಬಳಿ ಸೊರಬಕ್ಕೆ ಬಂತು. ಹೆಸರು ಸೊರಬ ಎಂದೇ ಉಳಿದಿದ್ದರಿಂದ ಮತದಾರರ ಗುಂಪು ಬದಲಾದದ್ದು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಕ್ಷೇತ್ರ ಪುನರ್ವಿಂಗಡಣೆಯ ಆದೇಶವನ್ನು ಹೋಬಳಿ ಹೋಬಳಿಯಾಗಿ ಓದದೆ ಯಾರೂ ಅಂಕಿ ಬರೆಯಲು ಕೂರಬಾರದು ಎನ್ನುತ್ತೇನೆ.

ಮತದಾರರ ಸಂಖ್ಯೆಯ ವಿಷಯದಲ್ಲೂ ಇಂಥದ್ದೊಂದು ಗಡಿ ಇದೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ ಮೇಲೆ ನಡೆದ ಮೊದಲ ವಿಧಾನಸಭಾ ಚುನಾವಣೆ 1989ರದು. ಹಾಗಾಗಿ 1985ರ ಮತಗಳ ಪಕ್ಕದಲ್ಲಿ 1989ರ ಮತಗಳನ್ನಿಟ್ಟು ಜನಪ್ರಿಯತೆ ಏರಿತು ಎನ್ನುವುದು ನ್ಯಾಯವಲ್ಲ. ನಾನು ಶೇಕಡಾವಾರು ಪ್ರಮಾಣವನ್ನು ಮಾತ್ರ ಹೋಲಿಸುತ್ತೇನೆ. ಇನ್ನು ನೋಟಾ, ಅಂದರೆ ಯಾವ ಅಭ್ಯರ್ಥಿಯೂ ಬೇಡ ಎನ್ನುವ ಮತ: ಅದಕ್ಕೆ ಅವಕಾಶ ಕೊಟ್ಟ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2013ರ ಸೆಪ್ಟೆಂಬರಿನಲ್ಲಿ, ನಮ್ಮ ಚುನಾವಣೆ ಅದೇ ವರ್ಷದ ಮೇ ತಿಂಗಳಲ್ಲೇ ಮುಗಿದಿತ್ತು. ಆದ್ದರಿಂದ ಆ ಕಾಲಂ 2018ರಿಂದಷ್ಟೇ ಶುರುವಾಗುತ್ತದೆ.

ಅತ್ಯಂತ ಹೆಚ್ಚು ಸಮಯ ಹಿಡಿದದ್ದು ಪಕ್ಷದ ಕಾಲಂ. ಕುಬಟೂರಿನ ಎಸ್. ಬಂಗಾರಪ್ಪ 1967ರಿಂದ 1994ರವರೆಗೆ ಸತತವಾಗಿ ಏಳು ಸಾರ್ವತ್ರಿಕ ಚುನಾವಣೆಗಳನ್ನು ಇಲ್ಲಿ ಗೆದ್ದರು. ಆದರೆ ಚಿಹ್ನೆ ಒಂದೇ ಆಗಿರಲಿಲ್ಲ. ಮೊದಲು ಸಮಾಜವಾದಿ, 1978ರಲ್ಲಿ ಇಂದಿರಾ ಕಾಂಗ್ರೆಸ್, 1985 ಮತ್ತು 1989ರಲ್ಲಿ ಕಾಂಗ್ರೆಸ್, 1994ರಲ್ಲಿ ತಾವೇ ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷ. ನಡುವಿನ 1983 ಮಾತ್ರ ಎಚ್ಚರ ಬೇಡುವ ವರ್ಷ. ಆಗ ಅವರು ಕ್ರಾಂತಿರಂಗ ಎಂಬ ಬಣದ ನಾಯಕರು ಎಂದು ಊರಿನ ಹಿರಿಯರೆಲ್ಲ ಹೇಳುತ್ತಾರೆ. ಚುನಾವಣಾ ಆಯೋಗದ ಅಂಕಿಅಂಶ ವರದಿಯಲ್ಲಿ ಹುಡುಕಿದರೆ ಕ್ರಾಂತಿರಂಗ ಸಿಗುವುದಿಲ್ಲ, ಜನತಾ ಪಕ್ಷ ಸಿಗುತ್ತದೆ. ರಂಗದ ಅಭ್ಯರ್ಥಿಗಳು ಜನತಾ ಚಿಹ್ನೆಯಲ್ಲಿ ನಿಂತಿದ್ದರು. ದಾಖಲೆಯೂ ಸರಿ, ಹಿರಿಯರ ನೆನಪೂ ಸರಿ. ಅದಕ್ಕೇ ನನ್ನ ಪಟ್ಟಿಯಲ್ಲಿ ಚಿಹ್ನೆಗೊಂದು, ಬಣಕ್ಕೊಂದು ಕಾಲಂ ಇದೆ. ಇದನ್ನು ಬೇರ್ಪಡಿಸದೆ ಸೊರಬವನ್ನು ಕಾಂಗ್ರೆಸ್ಸಿನ ಭದ್ರಕೋಟೆ ಎಂದು ಬರೆಯುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹ, ಮರುವರ್ಷವೇ ಸಾಗರ-ಹೊಸನಗರದಿಂದ ಶಾಂತವೇರಿ ಗೋಪಾಲಗೌಡರು ಸಮಾಜವಾದಿಯಾಗಿ ಗೆದ್ದದ್ದು, ಇವೆಲ್ಲ ಸೊರಬದ 1967ರ ಫಲಿತಾಂಶಕ್ಕೆ ಹಿಂದಿನ ಪುಟಗಳು. ಈ ಸೀಮೆಯಲ್ಲಿ ಮತ ಮೊದಲು ಭೂಮಿಯ ಪ್ರಶ್ನೆಯೊಡನೆ ನಡೆಯಿತು, ಪಕ್ಷದ ಹೆಸರು ಆಮೇಲೆ ಬಂತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉಪಚುನಾವಣೆಗಳನ್ನು ಪ್ರತ್ಯೇಕವಾಗಿ ಹುಡುಕಬೇಕು. ಸಾರ್ವತ್ರಿಕ ಚುನಾವಣೆಯ ವರದಿಗಳನ್ನಷ್ಟೇ ನೋಡಿದರೆ ಕುಮಾರ್ ಬಂಗಾರಪ್ಪ 1999ರಲ್ಲಿ ಶಾಸಕರಾದರು ಎನಿಸುತ್ತದೆ. ವಾಸ್ತವದಲ್ಲಿ ತಂದೆ 1996ರಲ್ಲಿ ಲೋಕಸಭೆಗೆ ಹೋದಾಗ ತೆರವಾದ ಸ್ಥಾನಕ್ಕೇ ಅವರು ಆಯ್ಕೆಯಾಗಿದ್ದರು.

ಮುಂದಿನ ವರ್ಷಗಳ ದಾಖಲೆ ಸುಲಭವಾಗಿ ಸಿಗುತ್ತದೆ, ಅರ್ಥ ಮಾಡುವುದೇ ಕಷ್ಟ. 2004ರಲ್ಲಿ ಕಾಂಗ್ರೆಸ್ಸಿನ ಕುಮಾರ್ ಬಿಜೆಪಿಯ ಮಧು ಅವರನ್ನು ಸೋಲಿಸಿದರು. 2008ರಲ್ಲಿ ಇಬ್ಬರೂ ಸೋತು, ಹೊಸನಗರ ಕ್ಷೇತ್ರ ಕಳೆದುಕೊಂಡು ಬಂದ ಹರತಾಳು ಹಾಲಪ್ಪ ಬಿಜೆಪಿಯಿಂದ ಗೆದ್ದರು. 2013ರಲ್ಲಿ ಜೆಡಿಎಸ್‌ನ ಮಧು, ಆಗ ಯಡಿಯೂರಪ್ಪನವರ ಕೆಜೆಪಿಯಲ್ಲಿದ್ದ ಹಾಲಪ್ಪ ಅವರಿಗಿಂತ 21,225 ಮತ ಹೆಚ್ಚು ಪಡೆದರು. 2018ರಲ್ಲಿ ಬಿಜೆಪಿ ಸೇರಿದ್ದ ಕುಮಾರ್ 13,286 ಮತಗಳಿಂದ ಮಧು ಅವರನ್ನು ಸೋಲಿಸಿದರು. 2023ರಲ್ಲಿ ಕಾಂಗ್ರೆಸ್ಸಿನಿಂದ ನಿಂತ ಮಧು 44,262 ಮತಗಳ ಅಂತರದಿಂದ ಅದನ್ನು ತಿರುಗಿಸಿದರು. ಅಣ್ಣತಮ್ಮಂದಿರು ಚಿಹ್ನೆಗಳನ್ನು ಬದಲಿಸಿದ ಈ ಸರಣಿಯಲ್ಲಿ ಪಕ್ಷಗಳ ಗೆರೆ ಎಳೆದು ಏರಿಳಿತ ತೋರಿಸುವ ನಕ್ಷೆಗೆ ಅರ್ಥವಿಲ್ಲ. ನಾನು ಅಭ್ಯರ್ಥಿಗಳ ಹೆಸರಿನಲ್ಲೇ ಗೆರೆ ಎಳೆದಿದ್ದೇನೆ.

2008ರ ಸೋಲಿಗೆ ಮನೆಯ ಜಗಳವೊಂದೇ ಕಾರಣವೇ, ಹೊಸ ಗಡಿಯ ಪಾಲೂ ಇತ್ತೇ? ಇದನ್ನು ಅಳೆಯಲು ಇರುವ ಒಂದೇ ದಾರಿ ನಮೂನೆ 20, ಅಂದರೆ ಮತಗಟ್ಟೆವಾರು ಅಂತಿಮ ಫಲಿತಾಂಶ ಪಟ್ಟಿ. ಮತಗಟ್ಟೆಗಳ ಪಟ್ಟಿಯಿಂದ ತಾಳಗುಪ್ಪ ಹೋಬಳಿಯ ಊರುಗಳನ್ನು ಗುರುತಿಸಿ, ಅವುಗಳ ಮತವನ್ನು ಬೇರೆ ಕಾಲಂನಲ್ಲಿ ಕೂಡುತ್ತೇನೆ. ಮತಗಟ್ಟೆಯ ಸಂಖ್ಯೆ ಚುನಾವಣೆಯಿಂದ ಚುನಾವಣೆಗೆ ಬದಲಾಗುವುದರಿಂದ ಊರಿನ ಹೆಸರನ್ನೇ ಹಿಡಿಯಬೇಕು. ಆ ಕಾಲಂ ತುಂಬದೆ 2004ರ ಸೊರಬವನ್ನು 2008ರ ಸೊರಬದೊಡನೆ ಹೋಲಿಸಿ ಒಂದು ಸಾಲನ್ನೂ ನಾನು ಬರೆಯುವುದಿಲ್ಲ.