ಹತ್ತಡಿ ಕೋಣೆಗೊಂದು ಅಟ್ಟದ ಮಂಚ

ಬೆಂಗಳೂರಿನ ನಮ್ಮ ಫ್ಲ್ಯಾಟಿನ ಚಿಕ್ಕ ಕೋಣೆ ಹತ್ತಡಿಗೆ ಹತ್ತಡಿ. ಅದರಲ್ಲಿ ಅಮ್ಮನ ಮಂಚ, ಬೀರು, ಮಗಳ ಹಾಸಿಗೆ. ಮಗಳು ಏಳನೆಯ ತರಗತಿಗೆ ಬಂದಾಗ ಓದುವ ಮೇಜಿಗೆ ಜಾಗವೇ ಇರಲಿಲ್ಲ. ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿ ಹಂಡೆ, ತೊಟ್ಟಿಲು, ಅಡಿಕೆ ಮೂಟೆ ಎಲ್ಲವೂ ಅಟ್ಟ ಸೇರುತ್ತಿದ್ದವು. ಇಲ್ಲಿ ಹಾಸಿಗೆಯೇ ಅಟ್ಟ ಹತ್ತಲಿ ಎಂದುಕೊಂಡೆ.

ನೆಲದಿಂದ ತಾರಸಿಗೆ 116 ಇಂಚು. ಮಗಳು ತಲೆ ತಗಲದೆ ನಿಲ್ಲುವಂತೆ ಕೆಳಗೆ 64 ಇಂಚು ಬಿಟ್ಟೆ. ಪಟ್ಟಿ, ಹಲಗೆ, ನಾಲ್ಕಿಂಚಿನ ಹಾಸಿಗೆ ಸೇರಿ ಒಂಬತ್ತು. ಮೇಲೆ 43 ಇಂಚು ಉಳಿಯಿತು. ಬೆನ್ನು ನೆಟ್ಟಗೆ ಮಾಡಿ ಕೂರಲು ಅಷ್ಟು ಸಾಕು. ಆದರೆ ಫ್ಯಾನು? ಕೋಣೆಯ ನಡುವೆ 48 ಇಂಚಿನ ಫ್ಯಾನು ಇತ್ತು. ರೆಕ್ಕೆಯ ತುದಿಗೆ ದಾರ ಕಟ್ಟಿ, ದಾರದ ಕೊನೆಗೆ ನಟ್ಟು ತೂಗಿಬಿಟ್ಟೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಮಂಚದ ಅಂಚಿನ ಗೆರೆಯ ಮೇಲೆಯೇ ಅದು ಬಂದು ನಿಂತಿತು. ನಿದ್ದೆಗಣ್ಣಿನಲ್ಲಿ ಕೈ ಚಾಚಿದರೆ ಬೆರಳು ರೆಕ್ಕೆಗೆ! ಅಂದೇ ಅದನ್ನು ಇಳಿಸಿ ಎದುರು ಗೋಡೆಗೆ ಗೋಡೆ ಫ್ಯಾನು ಹಾಕಿಸಿದೆ. ಮರ ಕೊಳ್ಳುವ ಮೊದಲು ಈ ದಾರದ ಪರೀಕ್ಷೆಯನ್ನು ದಯವಿಟ್ಟು ಮಾಡಿ.

ಕಾಲುಗಳಿಗೆ ಕೆಡವಿದ ಮನೆಯೊಂದರ ಸಾಗುವಾನಿ ಬಾಗಿಲುವಾಡ ಸಿಕ್ಕಿತು. ನಾಲ್ಕಿಂಚು ಮೂರಿಂಚಿನ, ಏಳಡಿ ಉದ್ದದ ತುಂಡುಗಳು. ದಶಕಗಟ್ಟಲೆ ಒಣಗಿದ ಮರ ಇನ್ನು ಸೊಟ್ಟಗಾಗುವ ಭಯ ಕಡಿಮೆ. ಹಳೆಯ ಮೊಳೆಗಳು ಮಾತ್ರ ಒಳಗೆ ಅಡಗಿರುತ್ತವೆ. ಅಯಸ್ಕಾಂತ ಆಡಿಸಿ ಹುಡುಕಿ ಕಿತ್ತ ಮೇಲೆಯೇ ಗರಗಸ ಮುಟ್ಟಿಸಿದೆ. ಅಡ್ಡ ಪಟ್ಟಿಗಳಿಗೆ ಕಾಫಿ ತೋಟದ ಸಿಲ್ವರ್ ಓಕ್ ತಂದೆ. ಹಾಸಿಗೆಯಡಿ ಪೂರ್ತಿ ಪ್ಲೈವುಡ್ ಹಾಕದೆ, ಎರಡೆರಡು ಇಂಚು ಸಂದು ಬಿಟ್ಟು ಪಟ್ಟಿ ಹಾಸಿದೆ. ಗಾಳಿಯಾಡದಿದ್ದರೆ ಮಳೆಗಾಲದಲ್ಲಿ ಹಾಸಿಗೆಯ ಅಡಿಗೆ ಬೂಷ್ಟು ಹಿಡಿಯುತ್ತದೆ.

ನಿಲ್ಲಿಸಿದ ಮೊದಲ ರಾತ್ರಿ ಮಗಳು ಮಗ್ಗುಲು ಬದಲಿಸಿದಾಗಲೆಲ್ಲ ಮಂಚ ತೂಗಿತು, ಕಿರ್ರೆಂದಿತು, ಅಮ್ಮ ಎದ್ದು ಕುಳಿತರು. ಪರಿಚಯದ ಆಚಾರಿಯೊಬ್ಬರು ಬಂದು ಕಾಲನ್ನು ಒಮ್ಮೆ ಅಲುಗಿಸಿ, "ಭಾರಕ್ಕೆ ಏನೂ ಆಗುವುದಿಲ್ಲ ಸ್ವಾಮಿ, ಓಲಾಟ ತಡೆಯುವವರು ಯಾರು? ಹಿಂದುಗಡೆ ಓರೆಗೊಂದು ಪಟ್ಟಿ ಕೊಡಿ" ಎಂದರು. ಗೋಡೆಯ ಬದಿಗೆ ಮೂಲೆಯಿಂದ ಮೂಲೆಗೆ ಪಟ್ಟಿ ಕೊಟ್ಟೆ. ತಿರುಪುಗಳನ್ನು ಬಿಚ್ಚಿ, ಮರದ ಆರಪಾರ ಹೋಗುವ 10 ಮಿ.ಮೀ. ಬೋಲ್ಟ್, ಅಗಲ ವಾಷರ್ ಹಾಕಿದೆ. ಮರಕ್ಕೆ ಮರ ಉಜ್ಜುವ ಕಡೆ ಮೇಣದ ಬತ್ತಿ ತೀಡಿದೆ. ಕೊನೆಗೆ ಒಂದು ಕಾಲನ್ನು ಮೂಲೆಯ ಕಾಂಕ್ರೀಟ್ ಕಂಬಕ್ಕೆ ಆಂಕರ್ ಬೋಲ್ಟಿನಿಂದ ಬಿಗಿದೆ. ನಮ್ಮ ಗೋಡೆ ಟೊಳ್ಳು ಬ್ಲಾಕಿನದು. ಅದರಲ್ಲಿ ತಿರುಪು ಹಿಡಿಯಲು ತೂರಿಸುವ ಪ್ಲಾಸ್ಟಿಕ್ ಪ್ಲಗ್ ಇಂಥ ಎಳೆತಕ್ಕೆ ನಿಲ್ಲುವುದಿಲ್ಲ. ಆ ರಾತ್ರಿ ಅಮ್ಮನಿಗೆ ಎಚ್ಚರವಾಗಲಿಲ್ಲ.

ಮಲಗಿದವರು ಉರುಳಿ ಬೀಳದಂತೆ ಅಂಚಿಗೆ ಹಾಕುವ ತಡೆಪಟ್ಟಿಯ ವಿಷಯದಲ್ಲಿ ಅಮೆರಿಕದ ಬಂಕ್ ಮಂಚದ (ಒಂದರ ಮೇಲೊಂದು ಇರುವ ಮಂಚದ) ನಿಯಮವನ್ನು ಅನುಸರಿಸಿದೆ. ಹಾಸಿಗೆಯಿಂದ ಕನಿಷ್ಠ 5 ಇಂಚು ಎತ್ತರ ಇರಬೇಕು, ಸಂದು ಮೂರೂವರೆ ಇಂಚಿಗಿಂತ ಕಡಿಮೆ ಇರಬೇಕು, 6 ವರ್ಷದೊಳಗಿನ ಮಕ್ಕಳನ್ನು ಮೇಲೆ ಮಲಗಿಸಬಾರದು. ನಾನು ಎತ್ತರವನ್ನು 10 ಇಂಚು ಮಾಡಿದ್ದೇನೆ. ದಪ್ಪ ಹಾಸಿಗೆ ತಂದರೆ ಈ ಲೆಕ್ಕವೆಲ್ಲ ಕೆಡುತ್ತದೆ ಎಂಬುದು ನೆನಪಿರಲಿ. ಏಣಿಯನ್ನು ಸ್ವಲ್ಪ ಓರೆಯಾಗಿಟ್ಟು, ದುಂಡು ಕೋಲಿನ ಬದಲು ಮೂರಿಂಚು ಅಗಲದ ಚಪ್ಪಟೆ ಮೆಟ್ಟಿಲು ಹಾಕಿದೆ. ನಡುರಾತ್ರಿ ಬರಿಗಾಲಿನಲ್ಲಿ ಇಳಿಯುವವರಿಗೆ ಇದರ ಬೆಲೆ ತಿಳಿಯುತ್ತದೆ.

ಬೇಸಿಗೆಯಲ್ಲಿ ಮರ ಒಣಗಿ ಬೋಲ್ಟುಗಳು ಸಡಿಲವಾಗುತ್ತವೆ. ಯುಗಾದಿಯ ಹೊತ್ತಿಗೆ ಒಮ್ಮೆ, ಆಯುಧಪೂಜೆಯ ಹಿಂದಿನ ದಿನ ಮತ್ತೊಮ್ಮೆ 17 ಮಿ.ಮೀ. ಸ್ಪ್ಯಾನರ್ ಹಿಡಿದು ಎಲ್ಲವನ್ನೂ ಬಿಗಿ ಮಾಡುತ್ತೇನೆ. ಮರುದಿನ ಗರಗಸ, ಉಳಿಗಳ ಜೊತೆ ಆ ಸ್ಪ್ಯಾನರಿಗೂ ಅಮ್ಮ ಕುಂಕುಮ ಇಡುತ್ತಾರೆ.