ಹಿಮ್ಮಡಿ ಒಣಗಿದ್ದರೆ ವುಝೂ ಆಗಲಿಲ್ಲ

ಹೊಸದಾಗಿ ಇಸ್ಲಾಂ ಸ್ವೀಕರಿಸಿದ ಹೆಣ್ಣುಮಕ್ಕಳು ನನ್ನ ಹತ್ತಿರ ಬಂದು ಕೂತರೆ ಹೆಚ್ಚಿನವರು ಮೊದಲು ಕೇಳುವುದು ಹೆಸರಿನ ಬಗ್ಗೆ. ಹೆಸರಿಗೆ ಕೆಟ್ಟ ಅರ್ಥವಿದ್ದರೆ, ಅಥವಾ ಅಲ್ಲಾಹನಲ್ಲದವರ ದಾಸಿ ಎಂಬರ್ಥ ಬರುತ್ತಿದ್ದರೆ ಬದಲಿಸಿ. ಇಲ್ಲದಿದ್ದರೆ ಹೆತ್ತವರು ಇಟ್ಟದ್ದೇ ಇರಲಿ. ಆ ಮಾತು ಅಲ್ಲಿಗೆ ಮುಗಿಯಿತು, ಬನ್ನಿ, ವುಝೂ, ಅಂದರೆ ನಮಾಝಿಗೆ ಮುಂಚೆ ಕೈಕಾಲು ಮುಖ ತೊಳೆದು ಶುದ್ಧಿಯಾಗುವುದನ್ನು ಕಲಿಯಲು ನೀರಿನ ಹತ್ತಿರ ಹೋಗೋಣ.

ನಲ್ಲಿ ಪೂರ್ತಿ ತಿರುಗಿಸಬೇಡಿ. ಒಂದು ಚೊಂಬು ನೀರು ಸಾಕು, ಪ್ರವಾದಿ ಮುಹಮ್ಮದರು (ಅವರ ಮೇಲೆ ಶಾಂತಿಯಿರಲಿ) ಸುಮಾರು ಮುಕ್ಕಾಲು ಲೀಟರಿನಲ್ಲೇ ವುಝೂ ಮುಗಿಸುತ್ತಿದ್ದರು. ಮುಂಗೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ಕೈ, ತಲೆಗೂ ಕಿವಿಗೂ ಒದ್ದೆ ಕೈ, ಕೊನೆಗೆ ಹರಡಿನವರೆಗೆ ಕಾಲು. ಎಲ್ಲರೂ ಎಡವುವುದು ಕಾಲಿನಲ್ಲೇ. ಮೇಲಿನಿಂದ ನೀರು ಸುರಿದು ಎದ್ದುಬಿಡುತ್ತಾರೆ, ಹಿಮ್ಮಡಿ ನೋಡಿದರೆ ಬೆಳ್ಳಗೆ ಒಣಗಿರುತ್ತದೆ. ಎಡಗೈಯಿಂದ ಉಜ್ಜಿ, ಬೆರಳ ಸಂದಿಗೆ ಕಿರುಬೆರಳು ಆಡಿಸಿ. ಬಿಗಿ ಉಂಗುರವಿದ್ದರೆ ತಿರುಗಿಸಿ. ನೇಲ್ ಪಾಲಿಶ್ ಇದ್ದರೆ ಉಗುರಿಗೆ ನೀರು ತಾಗುವುದಿಲ್ಲ, ತೆಗೆಯಲೇಬೇಕು. ಮೆಹಂದಿಯ ಬಣ್ಣಕ್ಕೆ ಆ ತೊಂದರೆಯಿಲ್ಲ. ಹಿಟ್ಟು ನಾದಿದ ಕೈಯಲ್ಲಿ ನೇರ ವುಝೂಗೆ ಬರುವವರಿದ್ದಾರೆ, ನಾನೂ ಬಂದವಳೇ. ಉಗುರಿನಂಚಲ್ಲಿ ಒಣಗಿದ ಹಿಟ್ಟನ್ನು ಮೊದಲು ಕೆರೆದು ತೆಗೆಯಿರಿ.

ನಮಾಝಿನಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಒಬ್ಬ ಹುಡುಗಿಗೆ ಫರ್ಝ್ (ಕಡ್ಡಾಯ), ಸುನ್ನತ್ (ಪ್ರವಾದಿಯವರ ರೂಢಿ), ನಫಿಲ್ (ಐಚ್ಛಿಕ) ಎಲ್ಲವನ್ನೂ ಒಂದೇ ಮಧ್ಯಾಹ್ನ ಹೇಳಿಕೊಟ್ಟೆ. ಆಮೇಲೆ ಎರಡು ತಿಂಗಳು ಆಕೆ ನನ್ನ ಮನೆ ಕಡೆ ತಲೆ ಹಾಕಲಿಲ್ಲ. ಈಗ ಮೊದಲು ದಿನದ ಹದಿನೇಳು ರಕಅತ್ (ನಿಂತು, ಬಾಗಿ, ಸಾಷ್ಟಾಂಗ ಮಾಡುವ ಒಂದು ಸುತ್ತು) ಫರ್ಝ್ ಮಾತ್ರ ಹೇಳುತ್ತೇನೆ: ಮುಂಜಾವಿನ ಫಜ್ರ್ 2, ಮಧ್ಯಾಹ್ನದ ಝುಹರ್ 4, ಸಂಜೆಯ ಅಸರ್ 4, ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ 3, ರಾತ್ರಿಯ ಇಶಾ 4. ಪ್ರತಿ ರಕಅತಿನಲ್ಲೂ ಓದುವ ಕುರ್‌ಆನಿನ ಮೊದಲ ಅಧ್ಯಾಯ ಸೂರಃ ಫಾತಿಹಾದಲ್ಲಿರುವುದು ಏಳು ಆಯತ್ (ವಾಕ್ಯ). ದಿನಕ್ಕೊಂದು ಕಲಿತರೆ ವಾರಕ್ಕೆ ಮುಗಿಯಿತು. ಬಲ್ಲವರ ಬಾಯಿಂದ ಕೇಳಿ ಕಲಿಯಿರಿ, ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ಅರಬಿಯ ಎಷ್ಟೋ ಉಚ್ಚಾರ ಕೈತಪ್ಪುತ್ತದೆ. ಬಾಯಿಗೆ ಬರುವವರೆಗೆ ಸುಬ್‌ಹಾನಲ್ಲಾಹ್, ಅಲ್‌ಹಮ್ದುಲಿಲ್ಲಾಹ್, ಲಾ ಇಲಾಹ ಇಲ್ಲಲ್ಲಾಹ್, ಅಲ್ಲಾಹು ಅಕ್ಬರ್ ಎಂಬ ಅಲ್ಲಾಹನ ಸ್ತುತಿಗಳನ್ನು ಹೇಳುತ್ತಾ ನಿಲ್ಲಿ, ಆದರೆ ಹೊತ್ತು ತಪ್ಪಿಸಬೇಡಿ. ಇಸ್ಲಾಮಿಗೆ ಬರುವ ಮುಂಚಿನ ವರ್ಷಗಳ ನಮಾಝನ್ನು ಲೆಕ್ಕ ಹಾಕಿ ತೀರಿಸಬೇಕಾಗಿಲ್ಲ.

ಇನ್ನು ತವರು. ಹಲಾಲ್ ಅಲ್ಲದ್ದು ಬೇಯಿಸಿದ ಪಾತ್ರೆಯ ವಿಚಾರಕ್ಕೆ ತಾಯಿಯ ಜೊತೆ ಮಾತು ಬಿಟ್ಟವರನ್ನು ಕಂಡಿದ್ದೇನೆ, ನನಗೆ ಸಿಟ್ಟೇ ಬರುತ್ತದೆ. ಪಾತ್ರೆ ತೊಳೆದರೆ ಶುದ್ಧ. ಹಂದಿಮಾಂಸ, ಮದ್ಯ, ಹಲಾಲ್ ಅಲ್ಲದ ಮಾಂಸ ಬೇಡವೆಂದು ಊಟಕ್ಕೆ ಕೂರುವ ಮೊದಲೇ ಮೆಲ್ಲಗೆ ಹೇಳಿ, ತಟ್ಟೆ ಮುಂದೆ ಮುಖ ಗಂಟಿಕ್ಕಬೇಡಿ. ಉಳಿದದ್ದನ್ನು ಪ್ರೀತಿಯಿಂದ ಉಣ್ಣಿ. ಹೆತ್ತವರು ಅಲ್ಲಾಹನ ಜೊತೆ ಸಹಭಾಗಿಯನ್ನು ಸೇರಿಸೆಂದು ಒತ್ತಾಯಿಸಿದರೆ ಅದೊಂದರಲ್ಲಿ ಮಣಿಯಬೇಡ, ಆದರೂ ಅವರೊಂದಿಗೆ ಒಳ್ಳೆಯ ರೀತಿಯಲ್ಲಿ ಬಾಳು ಎಂದು ಕುರ್‌ಆನಿನ ಸೂರಃ ಲುಕ್ಮಾನಿನಲ್ಲೇ ಇದೆ. ಪ್ರವಾದಿಯವರ ಸಂಗಾತಿ ಅಬೂಬಕರ್‌ರ ಮಗಳು ಅಸ್ಮಾ, ಇನ್ನೂ ಇಸ್ಲಾಮಿಗೆ ಬಾರದ ತಾಯಿ ಮನೆಗೆ ಬಂದಾಗ ಏನು ಮಾಡಲಿ ಎಂದು ಕೇಳಿದ್ದರು. ಸಂಬಂಧ ಉಳಿಸಿಕೋ ಎಂದರು ಪ್ರವಾದಿಯವರು.

ರಂಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ, ಮನೆಯವರಿಗೆ ಮೊದಲೇ ತಿಳಿಸಿಡಿ. ಮುಟ್ಟಿನ ದಿನಗಳಲ್ಲಿ ನಮಾಝೂ ಇಲ್ಲ, ಉಪವಾಸವೂ ಇಲ್ಲ. ಆ ನಮಾಝನ್ನು ಮತ್ತೆ ತೀರಿಸಬೇಕಿಲ್ಲ, ಉಪವಾಸ ಮಾತ್ರ ತೀರಿಸಬೇಕು. ‘ನೆನಪಿರುತ್ತದೆ’ ಅಂದುಕೊಳ್ಳಬೇಡಿ, ಯಾರಿಗೂ ಇರುವುದಿಲ್ಲ. ಬಿಟ್ಟ ದಿನವೇ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡಿ, ಮುಂದಿನ ರಂಝಾನಿನೊಳಗೆ ಒಂದೊಂದಾಗಿ ಹೊಡೆದುಹಾಕುತ್ತಾ ಬನ್ನಿ.